ಎಡಕ್ಕೆ ತಿರುಗುವ ಬೀಗ

ಮಗಳು ಹಿಡಿ ಮಣ್ಣು ಹಾಕಿ ಕೈ ಕೊಡವಿಕೊಳ್ಳುತ್ತಿರುವಾಗಲೇ ಗುದ್ದಲಿಗಳು ಕೆಲಸ ಶುರು ಮಾಡಿದವು. ಬೀಗದ ಕೆಲಸದ ಮುದುಕನನ್ನು ಮಣ್ಣು ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಂದವರೇ ಹನ್ನೊಂದು ಜನ. ಅವರಲ್ಲೂ ಅರ್ಧ ಜನರೊಂದಿಗೆ ಅವನು ಮಾತು ಬಿಟ್ಟಿದ್ದ.

"ಅತ್ತೆ, ಕೊನೆಗೆ ಅಪ್ಪ ನನ್ನ ಹೆಸರೇನಾದ್ರೂ ಎತ್ತಿದ್ನಾ?"

ಸೋದರತ್ತೆ ಮೂಗೊರೆಸಿಕೊಂಡಳು. "ನಮ್ಮಣ್ಣ ಬಾಯಿ ಬಿಡೋ ಪೈಕಿನಾ? ಕಾಯಿಲೆ ಬಿದ್ದಾಗ ನಾನೇ ಹೇಳಿಕಳಿಸಿದ್ನಲ್ಲ, ನೀನೇನಂದೆ?"

ಮಗಳು ಅಂದದ್ದು ಇಷ್ಟೆ: ಬೇಕಾದರೆ ಅಪ್ಪನೇ ಕರೆಯಲಿ.

ಸಭಾಪಾಲಕರು ಬೈಬಲನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದರು. "ಮಗಳನ್ನ ಕ್ಷಮಿಸಿಬಿಡಿ ಅಂತ ಎಷ್ಟು ಸಲ ಹೇಳ್ದೆನಮ್ಮಾ. 'ಐಗುಪ್ತದ ರಾಜ ಫರೋಹನ ಹೃದಯ ಕಲ್ಲು ಮಾಡಿದ್ದು ಯಾರು ಅಯ್ಯನವರೇ? ದೇವರೇ ತಾನೆ? ನನ್ನದನ್ನೂ ಅವನೇ ಮಾಡಿದಾನೆ, ಹೋಗಿ ಅವನನ್ನೇ ಕೇಳಿ' ಅಂತಿದ್ರು. ಫರೋಹ ತಾನೇ ಕಲ್ಲು ಮಾಡ್ಕೊಂಡ ಅಂತಲೂ ಬರೆದಿದೆ ಅಂದ್ರೆ, ಎದ್ದು ಹೋಗಿ ಅರ ತಗೊಂಡು ಬೀಗ ಉಜ್ಜೋಕೆ ಶುರು."

"ಎರಡೂ ಬರೆದಿದೆಯಾ?"

"ಎರಡೂ ಇದೆಯಮ್ಮ." ಅವರ ದನಿಯಲ್ಲಿ ಸೋಲಿತ್ತು.

*

ಅವಳಿಗೆ ಏಳು ವರ್ಷವಿದ್ದಾಗ ತಲೆಬಾಗಿಲಿಗೆಂದು ಅಪ್ಪ ಒಂದು ಹಿತ್ತಾಳೆ ಬೀಗ ಮಾಡಿದ. ಲೋಕದ ಬೀಗಗಳೆಲ್ಲ ಬಲಕ್ಕೆ ತಿರುಗಿ ತೆರೆದುಕೊಂಡರೆ ಇದು ಎಡಕ್ಕೆ. "ಕಳ್ಳ ಬಲಕ್ಕೇ ತಿರುಗಿಸಿ ತಿರುಗಿಸಿ ಸಾಯ್ಲಿ ಬಿಡು," ಎಂದು ನಕ್ಕಿದ್ದ. ಬೀಗದ ಕೈ ಎರಡೇ: ಒಂದು ಅವನದು, ಒಂದು ಅವಳದು.

ಅವನು ಬೇಡವೆಂದವನನ್ನೇ ಮದುವೆಯಾಗಿ ಅವಳು ಬಾಗಿಲಿಗೆ ಬಂದ ದಿನ, ಹೊಸ್ತಿಲ ಮೇಲೆ ಕೂತು ಅವಳ ಕಣ್ಣೆದುರೇ ಆ ಬೀಗ ಬಿಚ್ಚಿದ. ಅಂಗಡಿಯಿಂದ ತಂದ ಬೀಗ ಕೂರಿಸಿದ. ತನ್ನ ಕೈಕೆಲಸ ಬಿಟ್ಟು ಅಂಗಡಿ ಸರಕು! ಅವನ ಮಟ್ಟಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ.

"ನಿನ್ನ ಬೀಗದ ಕೈ ನೀನೇ ಇಟ್ಕೋ. ಅದು ತೆಗೆಯೋ ಬಾಗಿಲು ಇಲ್ಲಿಲ್ಲ."

ಅವಳೂ ಅವನ ಮಗಳೇ. ಹತ್ತೊಂಬತ್ತು ವರ್ಷ ಆ ಬೀದಿಗೆ ಕಾಲಿಡಲಿಲ್ಲ. ಬೀಗದ ಕೈ ಎಸೆಯಲೂ ಇಲ್ಲ.

*

"ಹಿಂದಿನ ಬಾಗಿಲು ಒಡೆದೇ ಅಣ್ಣನ್ನ ಹೊರಗೆ ತಂದಿದ್ದು. ಈ ಕಡೆಯಿಂದ ಬಾ," ಎನ್ನುತ್ತ ಅತ್ತೆ ಅಪ್ಪನ ಮನೆಯ ಪಕ್ಕದ ಓಣಿಗೆ ತಿರುಗಿದಳು.

ಮಗಳು ತಲೆಬಾಗಿಲ ಮುಂದೆಯೇ ನಿಂತುಬಿಟ್ಟಳು. ಅಂಗಡಿಯ ಬೀಗ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹಳೆಯ ಹಿತ್ತಾಳೆ ಬೀಗ. ಉಜ್ಜಿ ಹೆಚ್ಚು ದಿನವಾಗಿಲ್ಲ, ಹೊಳೆಯುತ್ತಿತ್ತು. ಚೀಲ ತಡಕಿ, ಬೀಗದ ಕೈ ತೆಗೆದು ಎಡಕ್ಕೆ ತಿರುಗಿಸಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿತು.

ಸಮಾಧಿಯ ಬಳಿ ಬಾರದ ಅಳು ಆಗ ಬಂತು. "ಅಪ್ಪಾ," ಎನ್ನುತ್ತ ಬಾಗಿಲು ತಳ್ಳಿದಳು. ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಳು.

"ಇರೇ, ಮೇಲೆ ಚಿಲಕ ಹಾಕಿದೆ," ಒಳಗಿನಿಂದ ಅತ್ತೆಯ ದನಿ.

"ಯಾರು ಹಾಕಿದ್ದು?"

"ಇನ್ಯಾರು, ನಿಮ್ಮಪ್ಪನೇ. ನಾವ್ಯಾರೂ ಈ ಬಾಗಿಲು ಮುಟ್ಟೇ ಇಲ್ಲ. ಥೂ, ಬರ್ತಾನೇ ಇಲ್ಲ ಇದು, ಕಚ್ಕೊಂಡು ಕೂತಿದೆ."

ಒಳಗೆ ಸುತ್ತಿಗೆ ಹುಡುಕುವ ಸದ್ದು. ಹೊರಗೆ ಮಗಳು ಬೀಗದ ಕೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಲೇ ಇದ್ದಳು. ಬೆರಳಿಗೆ ಹೊಸ ಎಣ್ಣೆ ಹತ್ತಿತ್ತು.