ಅಪ್ಪನ ಎಡಗಡೆಯ ಕಿಡ್ನಿ

ಫೋನಿನಲ್ಲಿ ‘ಆಮೇಲೆ?’ ಎಂದು ಕೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹಾಗೆಂದರೆ ಯಾರೂ ನಂಬುವುದಿಲ್ಲ. ನಮ್ಮತ್ತೆಯಂತೂ, “ಇಷ್ಟಕ್ಕೇ ಸಂಬಳ ಸಿಗೋದಾದ್ರೆ ನಾನು ಇಷ್ಟೊತ್ತಿಗೆ ಬಂಗಲೆ ಕಟ್ಟಿಸಿರ್ತಿದ್ದೆ” ಎಂದು ಬಂದವರ ಮುಂದೆಲ್ಲ ನನ್ನ ಕಾಲೆಳೆಯುತ್ತಾರೆ.

ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದ ಸಂದಿಯಲ್ಲಿ ನಮ್ಮ ಮನಃಶಾಸ್ತ್ರ ವಿಭಾಗ. ಎರಡು ಮೇಜು, ಒಂದು ಫೋನು, ಎಷ್ಟು ಒದ್ದರೂ ಬಾಗಿಲು ಮುಚ್ಚದ ಒಂದು ಬೀರು. ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳಬೇಕಾದ ಮಕ್ಕಳೂ ಅವರ ಮನೆಯವರೂ ಅದನ್ನು ಹೇಗೆ ನಿಭಾಯಿಸುತ್ತಾರೆ ಎಂದು ತಿಳಿದುಕೊಳ್ಳುವುದು ನಮ್ಮ ಸಂಶೋಧನೆ. ‘ಮಾತ್ರೆ ತಗೊಂಡ್ಯಾ?’ ಎಂದು ಕೇಳಿದರೆ ಲೋಕದ ಮಕ್ಕಳೆಲ್ಲ ‘ಹೂಂ’ ಎನ್ನುತ್ತಾರೆ. ಅದಕ್ಕೇ ನಾವು ಮಾತ್ರೆಯ ಸುದ್ದಿಯನ್ನೇ ಎತ್ತುವುದಿಲ್ಲ. ತಾಯಿಗೊಮ್ಮೆ, ಮಗುವಿಗೊಮ್ಮೆ ಬೇರೆ ಬೇರೆಯಾಗಿ ಫೋನ್ ಮಾಡಿ, ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನಾಯಿತು ಎಂದು ಹೇಳಿಸುತ್ತೇವೆ. ಅವರು ನಿಂತಲ್ಲಿ ‘ಆಮೇಲೆ?’ ಎನ್ನಬೇಕು, ಅಷ್ಟೆ. ಬುದ್ಧಿ ಹೇಳಬಾರದು, ಗದರಬಾರದು, ‘ಅಯ್ಯೋ’ ಅನ್ನಬಾರದು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿಲ್ಲ.

ನಮ್ಮ ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ಲಾಯರಮ್ಮನೂ ಒಬ್ಬಳು. ವಯಸ್ಸು ಒಂಬತ್ತು. ಹೆಸರಿಟ್ಟವರು ವಾರ್ಡಿನ ನರ್ಸುಗಳು. ಯಾಕೆ, ಎಷ್ಟು, ಯಾರು ಹೇಳಿದ್ದು ಎಂದು ವಿಚಾರಣೆ ಮುಗಿಸದೆ ಅವಳು ಸೂಜಿಗೆ ಕೈ ಚಾಚಿದ್ದೇ ಇಲ್ಲ. ಹುಟ್ಟಿದಾಗಿನಿಂದ ಅವಳ ಎರಡೂ ಕಿಡ್ನಿ ಸೊರಗಿದ್ದವು. ಹೋದ ವರ್ಷ ಅಪ್ಪ ತಮ್ಮ ಎಡಗಡೆಯದನ್ನು ಕೊಟ್ಟರು. ಅವರು ಸಿಟಿ ಬಸ್ಸಿನ ಡ್ರೈವರ್. ಅಮ್ಮ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು.

ಮೊದಲ ಆರು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ರಕ್ತದಲ್ಲಿ ಔಷಧಿಯ ಮಟ್ಟ ಒಂದು ವಾರ ಏರುವುದು, ಇನ್ನೊಂದು ವಾರ ಇಳಿಯುವುದು ಶುರುವಾಯಿತು. ಕಿಡ್ನಿ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, “ಸರಿಯಾಗಿ ಕೊಡ್ತಿದ್ದೀರಾ?” ಎಂದರು. ಆ ತಾಯಿಯ ಮುಖ ಕೆಂಪಾಯಿತು. “ನಾನು ಊಟ ಮರೆತಿರಬಹುದು ಡಾಕ್ಟ್ರೇ, ಇವಳ ಮಾತ್ರೆ ಒಂದು ದಿನಾನೂ ಮರೆತಿಲ್ಲ” ಎಂದರು. ಹಾಗಿದ್ದರೆ ಇನ್ನು ಹತ್ತು ದಿನ ನೋಡಿ ಡೋಸ್ ಏರಿಸುವುದೆಂದು ಡಾಕ್ಟರು ತೀರ್ಮಾನಿಸಿದರು. ತಪ್ಪು ಲೆಕ್ಕದ ಮೇಲೆ ಏರಿಸಿದರೆ ಅದೇ ಔಷಧಿ ಕಿಡ್ನಿಗೆ ವಿಷವಾದೀತು. ಏರಿಸದೆ ಬಿಟ್ಟು ಮಟ್ಟ ಹೀಗೇ ಇಳಿದರೆ ಮೈಯೇ ಆ ಕಿಡ್ನಿಯನ್ನು ಹೊರಗಿನದೆಂದು ಹಾಳುಮಾಡೀತು. ಕೊಡಲು ಅಪ್ಪನ ಬಳಿ ಇನ್ನೊಂದಿಲ್ಲ, ಅಮ್ಮನದು ಹೊಂದುವುದಿಲ್ಲ.

ಆ ಹತ್ತು ದಿನಗಳಲ್ಲೇ ನನ್ನ ಮೂರು ಫೋನಿನ ಸರದಿ ಬಂತು. ಅಮ್ಮ ಹೇಳಿದ ದಿನವಂತೂ ಅಳತೆ ಹಿಡಿದು ಹೊಲಿದ ಹಾಗಿತ್ತು. ಬೆಳಗ್ಗೆ ಎಂಟಕ್ಕೆ ಮಾತ್ರೆ, ಸಂಜೆ ಎಂಟಕ್ಕೆ ಮಾತ್ರೆ. ಆಮೇಲೆ ಲಾಯರಮ್ಮ ಫೋನಿಗೆ ಬಂದಳು. ಶಾಲೆ, ಜಗಳ, ಕಳೆದುಹೋದ ರಬ್ಬರು, ಅದನ್ನು ಕದ್ದವಳ ಮೇಲಿನ ಸಾಕ್ಷ್ಯ, ಎಲ್ಲ ಮುಗಿದು ಸಂಜೆಗೆ ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು.

“ಅಮ್ಮ ಚಿಕ್ಕ ಬಟ್ಟಲಲ್ಲಿ ಮಾತ್ರೆ ಇಟ್ಟು ನೀರು ತರೋಕೆ ಒಳಗೆ ಹೋದ್ಲು. ಅಪ್ಪ ಓವರ್‌ಟೈಮ್ ಮುಗಿಸ್ಕೊಂಡು ಬಂದ. ಬೂಟು ಬಿಚ್ಚೋವಾಗ ಬೆನ್ನಿನ ಈ ಕಡೆ ಒತ್ತಿ ಹಿಡ್ಕೊಂಡ.”

“ಆಮೇಲೆ?”

“ಮಾತ್ರೆ ಜೇಬಿಗೆ ಹಾಕ್ಕೊಂಡೆ.”

ಬಾಯಿಗೆ ಬಂದ ‘ಅಯ್ಯೋ’ವನ್ನು ಅಲ್ಲೇ ನುಂಗಿಕೊಂಡು, “ಆಮೇಲೆ?” ಎಂದೆ.

“ಅಮ್ಮ ನೀರು ತಂದ್ಲು. ಕುಡಿದೆ.”

ಮಕ್ಕಳು ಫೋನಿನಲ್ಲಿ ಹೇಳಿದ್ದನ್ನು ಮನೆಯವರಿಗೆ ಹೇಳುವುದಿಲ್ಲವೆಂದು ನಾವು ಮೊದಲೇ ಮಾತು ಕೊಟ್ಟಿರುತ್ತೇವೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಡಾಕ್ಟರಿಗೆ ಹೇಳುತ್ತೇವೆಂದೂ ತಿಳಿಸಿರುತ್ತೇವೆ. ಫೋನಿಟ್ಟವಳೇ ಮೆಟ್ಟಿಲಿಳಿದು ಡಾಕ್ಟರ ಹತ್ತಿರ ಓಡಿದೆ. ಡೋಸ್ ಏರಿಸುವ ಮಾತು ಅಲ್ಲೇ ನಿಂತಿತು. “ಯಾಕೆ ಹೀಗೆ ಮಾಡ್ತಾಳೆ ಅಂತ ಗೊತ್ತಾಗದೆ ಬೈದ್ರೆ ಇನ್ನೂ ಚೆನ್ನಾಗಿ ಬಚ್ಚಿಡೋದು ಕಲೀತಾಳೆ. ಎರಡು ದಿನ ಕೊಡಿ” ಎಂದು ಕೇಳಿಕೊಂಡೆ. ಅವರು ಗೊಣಗುತ್ತಲೇ ಒಪ್ಪಿದರು.

ಎರಡನೇ ಫೋನಿನ ದಿನ ಅಪ್ಪನಿಗೆ ರಜೆ. ಇಬ್ಬರೂ ಕಾಗದದ ವಿಮಾನ ಹಾರಿಸಿದರು, ಅಮ್ಮನ ದಾರದುಂಡೆ ಸಿಕ್ಕಾಗಿ ಇಬ್ಬರೂ ಬೈಸಿಕೊಂಡರು, ಎಂಟಕ್ಕೆ ಹುಡುಗಿ ಮಾತ್ರೆ ನುಂಗಿದಳು. ಮೂರನೆಯದರಲ್ಲಿ ಮತ್ತೆ ಓವರ್‌ಟೈಮ್, ಮತ್ತೆ ಬೆನ್ನು, ಮತ್ತೆ ಜೇಬು. ಮೂರು ಹಾಳೆಗಳನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಮಾತ್ರೆ ತಪ್ಪುತ್ತಿದ್ದುದು ಅಪ್ಪ ಬೆನ್ನು ಹಿಡಿದುಕೊಂಡು ಬಂದ ದಿನ ಮಾತ್ರ.

ಮರುದಿನ ಬೆಳಗ್ಗೆ ಮೂವರನ್ನೂ ಕರೆಸಿದೆವು. ಅಪ್ಪ ಅಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಹುಡುಗಿಯನ್ನು ನನ್ನ ಕೋಣೆಗೆ ಕರೆದುಕೊಂಡೆ. ಅವಳು ಮೊದಲು ಬೀರುವಿನ ಬಾಗಿಲನ್ನು ಒಮ್ಮೆ ಒತ್ತಿ ನೋಡಿ, ಅದು ಮುಚ್ಚುವುದಿಲ್ಲವೆಂದು ಖಾತ್ರಿಯಾದ ಮೇಲೆ ಕುಳಿತಳು.

“ಮನೇಲಿ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ. ಎಲ್ರೂ ‘ಮಾತ್ರೆ ಆಯ್ತಾ’ ಅಂತಾರೆ. ಆಯ್ತು ಅಂತೀನಿ. ‘ಎಲ್ಲಿಗೆ ಹೋಯ್ತು’ ಅಂತ ಯಾರೂ ಕೇಳಲ್ಲ.”

“ಈಗ ನಾನು ಕೇಳ್ತಿದ್ದೀನಿ. ಅಪ್ಪಂಗೆ ಬೆನ್ನು ನೋವು ಬಂದ ದಿನ ನೀನು ಯಾಕೆ ನುಂಗಲ್ಲ?”

ನನ್ನ ಮೂರ್ಖತನಕ್ಕೆ ಬೇಸರವಾದವಳಂತೆ ಅವಳು ನನ್ನನ್ನು ನೋಡಿದಳು. “ನೀವೇ ಕೊಟ್ಟ ಪುಸ್ತಕದಲ್ಲಿ ಇದೆಯಲ್ಲ ಆಂಟಿ. ಮಾತ್ರೆ ದಿನಾ ಮೈಗೆ ಹೇಳುತ್ತೆ, ಈ ಕಿಡ್ನಿ ಬೇರೆಯವರದ್ದಲ್ಲ, ನಿಂದೇ ಅಂತ. ಕೇಳಿ ಕೇಳಿ ಮೈ ನಂಬುತ್ತೆ ಅಂತ. ಪೂರ್ತಿ ನಂಬಿಬಿಟ್ರೆ ಆಮೇಲೆ ವಾಪಸ್ ಕೊಡೋಕೆ ಬಿಡುತ್ತಾ?”

“ಯಾರಿಗೆ ವಾಪಸ್?”

“ಅಪ್ಪಂಗೆ. ಅವನ ಹತ್ರ ಇರೋದು ಒಂದೇ. ಅದೂ ನೋಯ್ತಿದೆ. ಕೇಳಿದ್ರೆ ‘ಏನಿಲ್ಲ ಕಂದ’ ಅಂತಾನೆ. ದೊಡ್ಡೋರು ಏನಿಲ್ಲ ಅಂದ್ರೆ ಏನೋ ಇರುತ್ತೆ.”

ಆ ಚಿತ್ರಪುಸ್ತಕ ಬರೆದವಳು ನಾನು. ನಗುವ ಕಿಡ್ನಿ, ಟೋಪಿ ಹಾಕಿಕೊಂಡ ಮಾತ್ರೆ, ಎಲ್ಲ ನನ್ನದೇ ಕೈಚಳಕ. ಎಲ್ಲರೂ ಬೆನ್ನು ತಟ್ಟಿದ್ದರು, ನಾನೂ ಉಬ್ಬಿದ್ದೆ. ನಲವತ್ತು ಮಕ್ಕಳು ಅದನ್ನು ಓದಿ ಬಣ್ಣ ಹಚ್ಚಿ ಮರೆತಿದ್ದರು. ಈ ಒಬ್ಬಳು ಅದನ್ನು ಕರಾರುಪತ್ರದ ಹಾಗೆ ಓದಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು. ಅವಳನ್ನು ತಬ್ಬಿಕೊಂಡು ಅಳಬೇಕೆನ್ನಿಸಿತು.

“ಇದನ್ನ ಅಪ್ಪನ ಮುಂದೆ ಹೇಳ್ತೀಯಾ?”

“ಡಾಕ್ಟ್ರೂ ಇದ್ರೆ ಹೇಳ್ತೀನಿ. ಅಪ್ಪ ಒಬ್ನೇ ಇದ್ರೆ ಮತ್ತೆ ‘ಏನಿಲ್ಲ’ ಅಂತಾನೆ.”

ಡಾಕ್ಟರ ಕೋಣೆಯಲ್ಲಿ ಅವಳು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಪ್ಪ ಮಾತ್ರ ಬಸ್ಸಿನ ಮುಂದೆ ಯಾರೋ ಅಡ್ಡ ಬಂದಂತೆ ಎರಡೂ ಕೈಯಲ್ಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು.

“ನೋಡಮ್ಮ,” ಎಂದರು ಡಾಕ್ಟರು, “ಒಂದು ಸಲ ನಿನಗೆ ಹಾಕಿದ್ದನ್ನ ತೆಗೆದು ಅಪ್ಪಂಗೆ ವಾಪಸ್ ಹಾಕೋದು ಅಂತ ಇಲ್ಲ. ನಾವು ಮಾಡಲ್ಲ. ಅಪ್ಪನ ಇನ್ನೊಂದು ಕಿಡ್ನಿನ ಹೋದ ತಿಂಗಳು ನಾನೇ ಪರೀಕ್ಷೆ ಮಾಡಿದ್ದೀನಿ. ಗಟ್ಟಿಮುಟ್ಟಾಗಿದೆ.”

“ಹೋದ ತಿಂಗಳು ಅಪ್ಪ ಇಲ್ಲಿಗೆ ಬಂದಿದ್ನಾ?” ಹುಡುಗಿ ತಟ್ಟನೆ ಅಪ್ಪನ ಕಡೆ ತಿರುಗಿದಳು. “ನನಗೆ ಡಿಪೋಗೆ ಹೋಗ್ತೀನಿ ಅಂದಿದ್ದೆ.”

ಅಪ್ಪ ಸಿಕ್ಕಿಬಿದ್ದಿದ್ದರು. “ನೀನು ಹೆದರ್ತೀಯ ಅಂತ ಹೇಳಲಿಲ್ಲ ಕಂದ.”

“ಮತ್ತೆ ನೋವು?”

ಅವರು ಅಭ್ಯಾಸಬಲದಿಂದ ‘ಏನಿಲ್ಲ’ ಎನ್ನಲು ಬಾಯಿ ತೆರೆದವರು ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡವೆಂದೆ. ಬುದ್ಧಿ ಹೇಳಬಾರದೆಂಬ ನಿಯಮ ಫೋನಿಗಷ್ಟೇ.

“ನೋಯುತ್ತೆ,” ಎಂದರು ಅಪ್ಪ. “ಆಪರೇಷನ್ ಆದ ಮೊದಲ ತಿಂಗಳು ತುಂಬಾ ನೋಯ್ತಿತ್ತು. ಮಗ್ಗುಲು ಬದಲಾಯಿಸೋಕೂ ಆಗ್ತಿರಲಿಲ್ಲ. ಭಯಾನೂ ಆಗಿತ್ತು. ಆಮೇಲೆ ಅದು ಹೋಯ್ತು. ಈಗ ಬರೋದು ಬರೀ ಸೊಂಟ ನೋವು. ನಮ್ಮ ಬಸ್ಸಿನ ಸೀಟು ಒಂದು ಕಡೆ ಕುಸಿದಿದೆ. ಹನ್ನೆರಡು ಗಂಟೆ ಅದರ ಮೇಲೆ ಕೂತ್ರೆ ಎಂಥವನ ಸೊಂಟಾನೂ ಹಿಡ್ಕೊಳ್ಳುತ್ತೆ.”

ಹುಡುಗಿ ಅವರ ಮುಖವನ್ನೇ ದಿಟ್ಟಿಸುತ್ತಿದ್ದಳು. ನೋವಿದೆ ಎಂದು ಅಪ್ಪ ಒಪ್ಪಿಕೊಂಡ ಮೇಲೆ ಅವಳ ಭುಜ ಮೆಲ್ಲಗೆ ಇಳಿಯಿತು. ಒಂದು ವರ್ಷದಿಂದ ಅವಳು ಕಾಯುತ್ತಿದ್ದುದು ಈ ಮಾತಿಗೇ. ಆದರೂ ಅವಳು ಕೇಸು ಅಷ್ಟು ಸುಲಭವಾಗಿ ಬಿಡುವವಳಲ್ಲ.

“ಮುಂದೆ ಯಾವಾಗಾದ್ರೂ ಅಪ್ಪಂದು ಕೆಟ್ರೆ?”

“ಅದಕ್ಕೆ ಬೇರೆ ದಾರಿಗಳಿವೆ. ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ, ನಿನ್ನದಲ್ಲ,” ಎಂದರು ಡಾಕ್ಟರು.

“ಬರೆದು ಕೊಡಿ.”

ಡಾಕ್ಟರು ನಗಲಿಲ್ಲ. ಅದಕ್ಕೆ ಅವರನ್ನು ಮೆಚ್ಚಬೇಕು. ಔಷಧಿ ಚೀಟಿಯ ಹಾಳೆ ಹರಿದು, ಈ ಕಿಡ್ನಿಯನ್ನು ಯಾರಿಗೂ ವಾಪಸ್ ಕೊಡಬೇಕಾಗಿಲ್ಲ, ಅಪ್ಪನನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು ಎಂದು ಬರೆದು ಸಹಿ ಹಾಕಿದರು. ಅವಳು ಮೊಹರೂ ಹಾಕಿಸಿಕೊಂಡಳು. ಇನ್ನು ಮುಂದೆ ಅಪ್ಪನ ತಪಾಸಣೆಗೆ ತಾನೂ ಬರಬೇಕೆಂಬ ಷರತ್ತನ್ನು ಎಲ್ಲರೂ ಒಪ್ಪಿಕೊಳ್ಳಬೇಕಾಯಿತು. ಹೊರಗೆ ಬಂದಾಗ ಅಮ್ಮ ನನ್ನ ಕೈ ಹಿಡಿದು, “ನಾನು ಮಾತ್ರೆ ಎಣಿಸಿದ್ದೇ ಆಯ್ತು ಮೇಡಂ, ಮಗಳ ಮುಖ ನೋಡಲಿಲ್ಲ” ಎಂದು ಅತ್ತರು. ನಿಮ್ಮದೇನೂ ತಪ್ಪಿಲ್ಲ ಎಂದೆ. ನನ್ನ ಪುಸ್ತಕದ ತಪ್ಪನ್ನೂ ಒಪ್ಪಿಕೊಂಡೆ.

ಮೂರು ವಾರದ ನಂತರ ರಕ್ತಪರೀಕ್ಷೆ ಬಂತು. ಔಷಧಿಯ ಮಟ್ಟ ಎಲ್ಲಿರಬೇಕೋ ಅಲ್ಲೇ ಇತ್ತು. ಕಿಡ್ನಿಗೆ ಏನೂ ಆಗಿರಲಿಲ್ಲ. ಅಪ್ಪ ಅಮ್ಮ ಕೆಳಗೆ ಚೀಟಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಲಾಯರಮ್ಮ ಒಬ್ಬಳೇ ನನ್ನ ಕೋಣೆಗೆ ಬಂದಳು. ಚೀಲದಿಂದ ಒಂದು ಗುಂಡಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅಮ್ಮನ ಹೊಲಿಗೆ ಯಂತ್ರದ ಹತ್ತಿರ ಇರುವಂಥದ್ದು. ಒಳಗೆ ಹತ್ತಿ ಹಾಸಿ, ಮೂವತ್ತೊಂದು ಮಾತ್ರೆಗಳನ್ನು ಸಾಲಾಗಿ ಮಲಗಿಸಿದ್ದಳು.

“ಬಿಸಾಕಿಬಿಟ್ಟಿರ್ತೀಯ ಅಂದ್ಕೊಂಡಿದ್ದೆ,” ಎಂದೆ.

“ಬಿಸಾಕೋದಾ? ಅಪ್ಪಂಗೆ ಅಂತ ಇಟ್ಟಿದ್ದೆ. ಕಿಡ್ನಿ ಇಷ್ಟು ದಿನ ನನ್ನ ಹತ್ರ ಇತ್ತಲ್ಲ, ಅವನ ಮೈಗೆ ಮರೆತುಹೋಗಿರುತ್ತೆ. ವಾಪಸ್ ಹಾಕಿದ ಮೇಲೆ ಯಾರಾದ್ರೂ ಹೇಳ್ಬೇಕಲ್ಲ, ಇದು ನಿಂದೇ ಅಂತ.”