ನೆರಳಿಗೆ ಬೆದರದ ಮೀನು

"ಏ ಮುದಕಿ, ಕೈ ನಡಸ, ಬಾಯಿ ಅಲ್ಲ! ನಿನ್ನ ಸೊಸಿ ಬಸರಾದರ ನಾ ಏನ್ ಬಂದು ತೊಟ್ಲಾ ಕಟ್ಲ್ಯಾ?"

ಈ ಹಲ್ಕಟ್ ಮಾತು ಶಿವಯೋಗೆಪ್ಪ ಸಾವಕಾರನದು. ಟಿಕೋಟಾ ರಸ್ತೆಯಲ್ಲಿ ಅವನ ಗುಜರಿ ಗೋದಾಮು. ಒಡೆದ ಟಿವಿ, ಮೊಬೈಲುಗಳ ಪರದೆ ಬಿಚ್ಚುವುದು ನನ್ನ ಕೆಲಸ. ಗಾಜಿನ ನಡುವಿನ ಜಿಗುಟನ್ನು ಔಷಧದ ನೀರಿನಲ್ಲಿ ತೊಳೆಯುವುದು ಸೊಸೆ ಶೈಲಾಳದು. ಅವಳನ್ನು ತೊಳೆಯುವುದರಿಂದ ಬಿಡಿಸಿ ಎಂದು ಕೇಳಿದ್ದಕ್ಕೆ ಈ ಉತ್ತರ. ಎರಡು ಬಸಿರು ಇಳಿದ ಮೇಲೆ ನಿಂತ ಮೂರನೆಯದು, ಐದನೇ ತಿಂಗಳು. ಬಿಟ್ಟು ಹೋಗೋಣವೆಂದರೆ ನಾವಿರುವ ಪತ್ರಾಸ್ ತಗಡಿನ ಖೋಲಿಯೂ ಅವನದೇ.

ನಾನು ಸುಮ್ಮನೆ ಕೇಳಿರಲಿಲ್ಲ. ತೊಳೆದ ನೀರು ಗೋದಾಮಿನ ಹಿಂದಿನ ಹಳ್ಳದ ಮಡುವಿಗೆ ಹೋಗುತ್ತದೆ. ಅಲ್ಲಿ ಮೀನಿವೆ. ನಾನು ಅಂಬಿಗರ ಮಗಳು, ಭೂತನಾಳದ ಕೆರೆಯಂಚಿನಲ್ಲಿ ಬೆಳೆದವಳು. ಸೂರ್ಯನಿಗೆ ಮುಖ ಮಾಡಿ ನೀರಿಗಿಳಿ, ನೆರಳು ಬೆನ್ನ ಹಿಂದೆ ಬೀಳಲಿ ಎಂದು ಅಪ್ಪ ಕಲಿಸಿದ್ದ. ನೆರಳು ಬಿದ್ದಲ್ಲಿ ಮೀನು ನಿಲ್ಲುವುದಿಲ್ಲ. ಈ ವರ್ಷ ನಿಂತವು. ಬೊಗಸೆ ಒಡ್ಡಿದರೆ ಬಂದು ಬಿದ್ದವು. ನನಗೆ ಖುಷಿಯೋ ಖುಷಿ! ಗಂಗವ್ವ ತಾನೇ ನನ್ನ ಸೊಸೆಯ ಬಯಕೆ ತೀರಿಸುತ್ತಿದ್ದಾಳೆ ಎಂದುಕೊಂಡೆ.

"ಅತ್ತಿ, ಸಾಕ ಬೇ, ದಿನಾ ಮೀನ ಒಲ್ಲೆ" ಎಂದರೂ ನಾನು ಬಿಡಲಿಲ್ಲ.

"ಉಣ್ಣ ನನ್ನವ್ವಾ, ಕೂಸಿಗಿ ಬೇಕ" ಎಂದು ಬಾಯಿಗಿಟ್ಟೆ. ಈ ಕೈಯಿಂದಲೇ ಇಟ್ಟೆ.

ಮುಂಗಾರಿನ ಮಿರಗದ ಮಳೆ ಬಿತ್ತು. ಆಗ ಹೆಣ್ಣುಮೀನಿನ ಹೊಟ್ಟೆ ತತ್ತಿಯಿಂದ ಬಿರಿದಿರಬೇಕು. ಒಂದಾದ ಮೇಲೊಂದು ಹನ್ನೊಂದು ಮೀನು ಕೊಯ್ದೆ. ಒಂದರಲ್ಲೂ ತತ್ತಿಯಿರಲಿಲ್ಲ.

ಹಳ್ಳದ ನೀರಿನ ಪರೀಕ್ಷೆಗೆಂದು ಜಲನಗರದಿಂದ ನಾಜಿಯಾ ಎಂಬ ಕಾಲೇಜು ಹುಡುಗಿ ಬರುತ್ತಿದ್ದಳು. ಅವಳಿಗೆ ತೋರಿಸಿದೆ. ಮೀನು ಒಯ್ದವಳು ತಿಂಗಳು ಬಿಟ್ಟು ಬಂದಳು.

"ಆಯಿ, ಈ ಮೀನಿಗಿ ಕಣ್ಣ ಸರಿ ಕಾಣಂಗಿಲ್ಲ. ಪರದೆ ಗಾಜಿನಾಗಿನ ಜಿಗಟ ನೀರಾಗ ಬಂದು ಇವುರ ಮೈಯಾಗ ಸೇರಿ ಹಾರ್ಮೋನ್ ಕೆಡಸೇತಿ. ತತ್ತಿ ಕಟ್ಟಂತ ಮೈಗಿ ಹೇಳೋದ ಆ ಹಾರ್ಮೋನ್. ಅದ ಕೆಟ್ಟ ಮ್ಯಾಲ ತತ್ತಿ ಎಲ್ಲಿಂದ ಬರಬೇಕು?"

"ಉಂಡವ್ರಿಗಿ?"

"ಮನಷ್ಯಾರಿಗಿ ಏನಾಕ್ಕೈತಿ ಅಂತ ಇನ್ನಾ ಪೂರಾ ಗೊತ್ತಾಗಿಲ್ಲ ಆಯಿ. ಇನ್ಮ್ಯಾಲ ಉಣ್ಣಬ್ಯಾಡ್ರಿ. ನಿಮ್ಮ ಸೊಸಿ ಆ ನೀರಾಗ ಕೈ ಹಾಕೂದ ಬ್ಯಾಡ."

ಗೊತ್ತಾಗಿಲ್ಲವಂತೆ! ಗೊತ್ತಿದ್ದರೆ ಒಮ್ಮೆ ಅತ್ತಾದರೂ ಮುಗಿಸುತ್ತಿದ್ದೆ. ಅಂದಿನಿಂದ ಶೈಲಾಳ ಹೊಟ್ಟೆಯ ಕಡೆ ನೋಡಲು ನನಗೆ ಧೈರ್ಯವಿಲ್ಲ.

ಸೊಸೆಯನ್ನು ಬಿಡಿಸಿ ಎಂದು ಕೇಳಿದ ನನ್ನನ್ನು ಸಾವಕಾರ ಹಾಗೆ ಬೈದು ಕಳಿಸಿದ ಮೇಲೆ ನಾಜಿಯಾ ಮಾಲಿನ್ಯ ನೋಡುವ ಸರಕಾರಿ ಕಚೇರಿಗೆ ಅರ್ಜಿ ಬರೆದಳು. ಅಲ್ಲಿಂದ ಅರುಣಕುಮಾರ ಎಂಬ ಸಾಹೇಬ ಬಂದ. ಗೋದಾಮಿನೊಳಗೇ ಕುರ್ಚಿ ಹಾಕಿದರು, ಚಹಾ ಕೊಟ್ಟರು. ಸಾವಕಾರ ನನ್ನನ್ನು ಕರೆದ.

"ನೀರ ಚೊಕ್ಕ ಐತ್ರಿ ಸಾಹೇಬ್ರ. ಈ ಪರಸವ್ವ ದಿನಾ ಅದ ಮೀನ ತಿಂದಾಳ. ಹೇಳ ಬೇ, ತಿಂದಿ ಇಲ್ಲೋ?"

ಸುಳ್ಳು ಹೇಗೆ ಹೇಳಲಿ?

"ತಿಂದೀನ್ರಿ. ಸೊಸಿಗೂ ತಿನಿಸೀನ್ರಿ."

"ತಿಂದು ಆರಾಮ ಅದೀರಿ. ಮತ್ತೇನ ತಕರಾರು?" ಎನ್ನುತ್ತಾ ಸಾಹೇಬ ಬರೆದುಕೊಂಡ. ನೀರಿನಿಂದ ಯಾರಿಗೂ ತೊಂದರೆ ಇಲ್ಲ ಎಂದು ಓದಿ ಹೇಳಿ, ನನ್ನ ಹೆಬ್ಬೆಟ್ಟು ಕೇಳಿದ.

ಶೈಲಾಳ ಮುಂದಿದ್ದ ತೊಳೆಯುವ ನೀರಿನ ಡಬರಿ ಎಳೆದು ತಂದು ಅವರಿಬ್ಬರ ಕಾಲಬುಡಕ್ಕೆ ಸುರುವಿದೆ.

"ಚೊಕ್ಕ ನೀರ ಅಲ್ಲೇನೋ ಭಾಡ್ಯಾ? ನಿಂದ್ರ ಅದರಾಗ!"

ಸಾವಕಾರ ಧೋತರ ಎತ್ತಿಕೊಂಡು ಬಾಗಿಲಿಗೆ ಓಡಿದ. ಸಾಹೇಬ ಬೂಟು ಸಮೇತ ಕುರ್ಚಿ ಹತ್ತಿದ. ನೀರು ಹರಿದು ಶೈಲಾಳ ಪಾದ ಮುಟ್ಟಿತು. ಅವಳು ಕದಲಲಿಲ್ಲ. ಒದ್ದೆ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಬರಿಗಾಲಲ್ಲಿ ನಿಂತು, ಕುರ್ಚಿಯ ಮೇಲಿದ್ದ ಸಾಹೇಬನನ್ನೇ ನೋಡುತ್ತಿದ್ದಳು.