ಶುಕ್ರವಾರದ ಕ್ಯಾಸೆಟ್ಟು

"ಹೇಳಿ, ಕೆಂಪು ಗುಂಡಿ ಒತ್ತಿದ್ದೇನೆ," ಎಂದು ಲೋಲಾಕ್ಷಿ ಟೇಪ್ ರೆಕಾರ್ಡರನ್ನು ಗಂಡನ ಮುಖದ ಹತ್ತಿರ ಸರಿಸಿದಳು. ಪ್ರೇಮನಾಥ ಗಂಟಲು ಸರಿಮಾಡಿಕೊಂಡು "ಹಲೋ" ಅಂದ. ಸ್ವಲ್ಪ ತಡೆದು ಮತ್ತೊಮ್ಮೆ "ಹಲೋ" ಅಂದ. ಅಲ್ಲಿಗೆ ಅವನಲ್ಲಿದ್ದ ಮಾತೆಲ್ಲ ಖರ್ಚಾಯಿತು.

ಕಂಪನಿಯ ಸ್ಟೋರಿನಲ್ಲಿ ನಾಲ್ಕು ಭಾಷೆಯಲ್ಲಿ ಜಗಳವಾಡಬಲ್ಲ ಮನುಷ್ಯ, ಮನೆಯೊಳಗೆ ಕಾಲಿಟ್ಟರೆ ಬಾಯಿಗೆ ಬೀಗ. ಮದುವೆಯಾಗಿ ಎರಡು ವರ್ಷವಾದರೂ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. "ಕೇಳ್ತಾ", "ಇಲ್ಲಿ ನೋಡು" ಎನ್ನುವುದರಲ್ಲೇ ಸಂಸಾರ ಸಾಗಿತ್ತು. ಲೋಲಾಕ್ಷಿಗೆ ಅದು ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಮೂಲ್ಕಿಯಲ್ಲಿದ್ದ ಅವಳ ಅಮ್ಮ ವಸಂತಿಗೆ.

ಗಂಡ ಹೆಂಡತಿ ಇದ್ದ ಮಸ್ಕತ್ತಿಗೂ ಮೂಲ್ಕಿಗೂ ಒಂದೇ ಕ್ಯಾಸೆಟ್ಟು ಓಡಾಡುತ್ತಿತ್ತು. ಊರಿಗೆ ಹೋಗುವವರ ಕೈಯಲ್ಲಿ ಮಗಳ ಮಾತು ಹೋಗುವುದು, ಅದರ ಮೇಲೆಯೇ ಅಮ್ಮನ ಉತ್ತರ ತುಂಬಿ ಬರುವುದು. ಕಳೆದ ಸಲ ವಸಂತಿ ಸುತ್ತಿಬಳಸದೆ ಹೇಳಿದ್ದಳು: "ಚೊಚ್ಚಲ ಹೆರಿಗೆ, ಮಗಾ. ಅಲ್ಲೇ ಆಗ್ಬೇಕು ಅಂತ ನಿನಗೆ ಆಸೆ ಉಂಟಾದ್ರೆ ಆಗ್ಲಿ. ಆದ್ರೆ ನಿನ್ನನ್ನು ನೋಡಿಕೊಳ್ತೇನೆ ಅಂತ ಅಳಿಯ ಬಾಯಿ ಬಿಟ್ಟು ಒಂದು ಮಾತು ಹೇಳ್ಲಿ. ಇಲ್ಲದಿದ್ರೆ ಏಳು ತಿಂಗಳು ತುಂಬುವ ಮೊದಲು ಇಲ್ಲಿಗೆ ಬಾ." ಹೋದರೆ ಹೆರಿಗೆ, ಬಾಣಂತನ, ಮಗುವಿನ ವೀಸಾ ಎಲ್ಲ ಮುಗಿಸಿ ಬರುವಾಗ ವರ್ಷ ಕಳೆದಿರುತ್ತದೆ. ಅಪ್ಪನಾದವನು ಮಗುವನ್ನು ಫೋಟೋದಲ್ಲಿ ನೋಡಿ ಖುಷಿಪಡಬೇಕು. ಅದು ಲೋಲಾಕ್ಷಿಗೆ ಬೇಡವಾಗಿತ್ತು.

ಮೇಲಿನ ಮಹಡಿಯ ವಾಲ್ಟರ್ ಮಧ್ಯಾಹ್ನದ ವಿಮಾನಕ್ಕೆ ಊರಿಗೆ ಹೊರಡುವವನಿದ್ದ. ಕ್ಯಾಸೆಟ್ಟು ಅಷ್ಟರೊಳಗೆ ಅವನ ಕೈ ಸೇರಬೇಕಿತ್ತು.

"ನಾನು ಹೇಳಿಕೊಟ್ಟದ್ದನ್ನಾದ್ರೂ ಹೇಳಿ. 'ಅತ್ತೆ, ನೀವು ಹೆದರಬೇಡಿ.' ಅಷ್ಟು ಸಾಕು."

"ಅತ್ತೆ," ಅಂದ ಪ್ರೇಮನಾಥ, ಹಣೆ ಒರೆಸಿಕೊಂಡ.

ಅಡುಗೆಮನೆಯ ಸ್ಟೀಲ್ ತಟ್ಟೆಗಳು ಗಲಗಲ ಎಂದವು. ಲೋಲಾಕ್ಷಿ ತಲೆ ಎತ್ತಲಿಲ್ಲ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಆ ಕಟ್ಟಡದ ಕೆಳಗೆ ಗ್ಯಾರೇಜು. ಲಾರಿ ಸ್ಟಾರ್ಟ್ ಮಾಡಿದಾಗಲೆಲ್ಲ ತಟ್ಟೆಗಳದ್ದು ಇದೇ ಗಲಾಟೆ. ಆದರೆ ಪ್ರೇಮನಾಥನ ಮುಖ ಬಿಳಿಚಿಕೊಂಡಿತು. ಅಂದು ಶುಕ್ರವಾರ, ಗ್ಯಾರೇಜಿಗೆ ರಜೆ.

ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡಿತು, ಕಾಲಡಿಯ ನೆಲ ಜರುಗಿದಂತಾಯಿತು. ಆಮೇಲಿನದ್ದು ಲೋಲಾಕ್ಷಿಗೆ ಸರಿಯಾಗಿ ನೆನಪಿಲ್ಲ. ಎಚ್ಚರ ಬಂದವಳಂತೆ ಸುತ್ತ ನೋಡಿದಾಗ ಬರಿಗಾಲಲ್ಲಿ ರಸ್ತೆಯ ಮೇಲಿದ್ದಳು. ಬನಿಯನ್ನಿನಲ್ಲಿದ್ದ ಗಂಡ ಅವಳ ಹೆಗಲನ್ನು ಬಳಸಿ ಹಿಡಿದಿದ್ದ.

ಮೂಲೆಯ ಅಂಗಡಿಯ ಉಮ್ಮರ್ ಬ್ಯಾರಿ ಲುಂಗಿ ಸರಿಮಾಡಿಕೊಂಡು, "ಖಲಾಸ್, ಆಯ್ತು. ಇಲ್ಲಿ ಒಂದೊಂದು ಸಲ ಹೀಗೆ ಸ್ವಲ್ಪ ಅಲುಗಾಡ್ತದೆ. ಹೋಗಿ ಚಾ ಕುಡೀರಿ," ಅಂದ. ಆಗ ತನ್ನ ಕೈ ಎಲ್ಲಿದೆ ಎಂಬುದು ತಿಳಿದು, ಪ್ರೇಮನಾಥ ಅದನ್ನು ಮೆಲ್ಲ ಹಿಂದೆ ತೆಗೆದುಕೊಂಡ.

ಮೇಲೆ ಬಂದರೆ ಕ್ಯಾಸೆಟ್ಟು ಇನ್ನೂ ತಿರುಗುತ್ತಿತ್ತು. ಲೋಲಾಕ್ಷಿ ಹಿಂದಕ್ಕೆ ಸುತ್ತಿ ಕೇಳಿದಳು. "ಅತ್ತೆ" ಎಂಬ ಬಡಪಾಯಿ ದನಿ, ತಟ್ಟೆಗಳ ಸದ್ದು. ಆಮೇಲೆ ಅದೇ ಮನುಷ್ಯನ ಇನ್ನೊಂದು ದನಿ: "ಲೋಲಾಕ್ಷೀ, ಇತ್ತ ಬಾ. ಓಡ್ಬೇಡ, ಮೆಲ್ಲ. ನನ್ನ ಕುತ್ತಿಗೆ ಹಿಡ್ಕೋ, ಬಿಡ್ಬೇಡ. ನಿನಗೆ ಏನಾದ್ರೂ ಆದ್ರೆ ನಾನು ಯಾರಿಗೋಸ್ಕರ ಇರ್ಬೇಕು, ಲೋಲಾ?" ಮುಂದೆ ಬರೀ ಗುಂಯ್ ಶಬ್ದ.

ಪ್ರೇಮನಾಥ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು. ಲೋಲಾಕ್ಷಿಗೆ ನಗು ಬಂತು, ಅಳುವೂ ಬಂತು.

"ಇದನ್ನು ಅಳಿಸ್ಬೇಕಲ್ಲ," ಅಂದಳು, ಕಷ್ಟದಿಂದ. "ಭೂಮಿ ಅಲುಗಾಡಿದ್ದು ಗೊತ್ತಾದ್ರೆ ಅಮ್ಮ ನಾಳೆಯೇ ಹೊರಟು ಬಾ ಅಂತಾಳೆ. ಬೇರೆ ಕ್ಯಾಸೆಟ್ ತರುವ ಅಂದ್ರೆ ಶುಕ್ರವಾರ, ಕ್ಯಾಸೆಟ್ಟಿನ ಅಂಗಡಿ ಬಾಗಿಲು ಹಾಕಿದ್ದಾರೆ."

ಅಳಿಸಲು ಮನಸ್ಸಿಲ್ಲದ ಲೋಲಾಕ್ಷಿ ಚಾ ನೆಪದಲ್ಲಿ ಒಳಗೆ ಹೋಗಿ, ಒಂದು ಲೋಟ ಚಾಕ್ಕೆ ಕಾಲು ಗಂಟೆ ತೆಗೆದುಕೊಂಡಳು. ಬಂದು ಕೆಂಪು ಗುಂಡಿ ಒತ್ತಿದರೆ ಅದು ಕೆಳಗಿಳಿಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಆಮೇಲೆ ಮೇಜು ನೋಡಿದಳು. ಅವಳ ತಲೆಯ ಪಿನ್ನು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಎರಡು ಚೂರು. ಕ್ಯಾಸೆಟ್ಟಿನ ಬೆನ್ನಿನ ಆ ಚೂರು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ಅಮ್ಮ ಬಾ ಅಂದ್ರೆ?"

"ಅಂದ್ರೆ ಹೋಗು," ಅಂದ ಪ್ರೇಮನಾಥ, ಲೋಟ ನೋಡುತ್ತ. "ಇದಕ್ಕಿಂತ ಚಂದ ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಆ ಕ್ಯಾಸೆಟ್ಟನ್ನೇ ಒಯ್ದ ವಾಲ್ಟರ್ ತಿಂಗಳ ನಂತರ ಮರಳಿದ. ಲೋಲಾಕ್ಷಿ ಅವನು ಮೂಲ್ಕಿಯಿಂದ ತಂದ ಕಟ್ಟಿನ ಹಗ್ಗ ಬಿಚ್ಚಿ, ಹಲಸಿನ ಹಪ್ಪಳವನ್ನೆಲ್ಲ ಬದಿಗಿಟ್ಟು, ಕ್ಯಾಸೆಟ್ಟಿಗಾಗಿ ಕೈಯಾಡಿಸಿದಳು.

"ಅದನ್ನು ನಿಮ್ಮ ಅಮ್ಮ ವಾಪಸ್ ಕೊಡ್ಲಿಲ್ಲ," ಅಂದ ವಾಲ್ಟರ್. "ನೀವು ಬೇರೆ ಖಾಲಿಯದ್ದು ತಗೊಳ್ಬೇಕಂತೆ."

ಕಟ್ಟಿನ ತಳದಲ್ಲಿ ಅಮ್ಮನ ಹಳೆಯ ನೂಲಿನ ಸೀರೆಯೊಂದು ಚೌಕ ಚೌಕ ತುಂಡಾಗಿ, ಒಗೆದು ಒಗೆದು ಮೆತ್ತಗಾಗಿ, ಮಡಿಕೆಯಾಗಿ ಕೂತಿತ್ತು. ಪ್ರೇಮನಾಥ ಒಂದನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದ.

"ಇದೆಂತಕ್ಕೆ, ಲೋಲಾ?"

"ಇಲ್ಲೇ ಹುಟ್ಟುವವರಿಗೆ," ಎಂದು ಲೋಲಾಕ್ಷಿ ಆ ತುಂಡನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನ ಹೊಟ್ಟೆಯ ಮೇಲೆ ಹರಡಿ, ಅಳತೆ ಸಾಕಾಗುತ್ತದೋ ಎಂದು ನೋಡಿದಳು.